ಬಂಡೆಗೆ ಕೈಮುಗಿದ ಮೇಲೆ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯಿಂದ ಕೇದಾರನಾಥಕ್ಕೆ ಹೋಗಿಬಂದವರ ಮೊಬೈಲಿನಲ್ಲಿ ಈಗ ಗುಡಿಯ ಜೊತೆಗೆ ಒಂದು ಬಂಡೆಯ ಫೋಟೊ ಕೂಡ ಇರುತ್ತದೆ. 2013ರ ಜೂನ್ ಪ್ರವಾಹದಲ್ಲಿ ಉರುಳಿಬಂದು, ಗುಡಿಯ ಬೆನ್ನಿಗೆ ನಿಂತು, ನುಗ್ಗಿದ ನೀರನ್ನು ಸೀಳಿ ಎರಡೂ ಬದಿಗೆ ಹರಿಸಿದ ಬಂಡೆ ಅದು. ಭೀಮಶಿಲೆ ಎಂಬ ಹೆಸರು ಬಂತು, ಕುಂಕುಮ ಹತ್ತಿತು, ಹೂವು ಏರಿತು. ಈ ಸೀಮೆಯವರಿಗೆ ಕೇದಾರ ಪರಸ್ಥಳವೂ ಅಲ್ಲ. ವೀರಶೈವ ಪಂಚಪೀಠಗಳಲ್ಲಿ ಅದೂ ಒಂದು. ಅಲ್ಲಿನ ಗುಡಿಯ ಮುಖ್ಯಸ್ಥನಾದ ರಾವಲನ ಸ್ಥಾನಕ್ಕೆ ಕನ್ನಡ ನಾಡಿನ ಜಂಗಮರು ಹೋಗುವ ಪದ್ಧತಿ ಬಹಳ ಹಳೆಯದು.

ಶಿವನೇ ಆ ಬಂಡೆಯನ್ನು ಅಲ್ಲಿ ತಡೆದು ನಿಲ್ಲಿಸಿದನೆ?

ಹೌದು ಎನ್ನುವುದು ಸುಲಭ. ಆದರೆ ಅದೇ ನೀರಿನಲ್ಲಿ, ಅದೇ ಬೆಟ್ಟದಿಂದ ಬಂದ ಉಳಿದ ಕಲ್ಲುಗಳು ಛತ್ರಗಳನ್ನೂ ಅಂಗಡಿಗಳನ್ನೂ ಒಳಗಿದ್ದವರ ಸಮೇತ ಕೊಚ್ಚಿಕೊಂಡು ಹೋದವು. ಉತ್ತರಾಖಂಡದ ಆ ದುರಂತದಲ್ಲಿ ಸತ್ತವರು, ಕಾಣೆಯಾದವರು ಸೇರಿ ಐದು ಸಾವಿರಕ್ಕೂ ಹೆಚ್ಚು. ಒಂದು ಬಂಡೆ ನಿಂತದ್ದು ಕೃಪೆಯಾದರೆ, ನಿಲ್ಲದೆ ಹೋದ ಸಾವಿರ ಬಂಡೆಗಳಿಗೆ ಏನೆನ್ನಬೇಕು?

ಆ ಕಲ್ಲುಗಳು ಬೆಟ್ಟದಿಂದ ಕಳಚಿಕೊಳ್ಳುವ ಬಗೆಯನ್ನು ನೋಡಿದರೆ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಕೇದಾರದ ಗುಡಿ ಇರುವುದು 3,583 ಮೀಟರ್ ಎತ್ತರದಲ್ಲಿ. ಶಿಖರಗಳು ಅದಕ್ಕೂ ಬಹಳ ಮೇಲೆ. ಹಗಲಿನ ಬಿಸಿಲಿಗೆ ಹಿಮ ಕರಗಿ ನೀರಾಗಿ ಬಂಡೆಯ ಬಿರುಕಿಗೆ ಇಳಿಯುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಅದರ ಗಾತ್ರ ಶೇ 9ರಷ್ಟು ಹಿಗ್ಗುತ್ತದೆ. ಎಲ್ಲೂ ಸಂದಿಲ್ಲದೆ ಮುಚ್ಚಿದ ಜಾಗವಾದರೆ, ಮೈನಸ್ 22 ಡಿಗ್ರಿಯಲ್ಲಿ ಆ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 2,000 ಪಟ್ಟು ಎಂದು ಲೆಕ್ಕ ಹೇಳುತ್ತದೆ. ನಿಜವಾದ ಬಿರುಕಿಗೆ ಬಾಯಿ ಇರುತ್ತದೆ, ಅಷ್ಟು ಒತ್ತಡ ಏಳುವುದಿಲ್ಲ. ಹಾಗಾದರೆ ಕಲ್ಲು ಸೀಳುವುದು ಹೇಗೆ? 1985ರಲ್ಲಿ ವಾಲ್ಡರ್ ಮತ್ತು ಹ್ಯಾಲೆಟ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿರುವಾಗ ಬಿರುಕಿನಲ್ಲಿರುವ ಮಂಜುಗಡ್ಡೆ ಸುತ್ತಲಿನ ಕಲ್ಲಿನ ಸಣ್ಣ ರಂಧ್ರಗಳಿಂದ ನೀರನ್ನು ತನ್ನತ್ತ ಸೆಳೆದುಕೊಂಡು ಬೆಳೆಯುತ್ತದೆ, ಬೆಳೆಯುತ್ತ ಬಿರುಕನ್ನು ಅಗಲಿಸುತ್ತದೆ. ಸೀಳಿದ ಕಲ್ಲನ್ನು ಅಂಟಿಸಿ ಹಿಡಿದಿರುವುದೂ ಅದೇ ಮಂಜು. ಅದು ಕರಗಿದ ದಿನ ಕಲ್ಲು ಬೀಳುತ್ತದೆ.

ಹೀಗೆ ಬಿದ್ದ ಕಲ್ಲನ್ನು ಹಿಮನದಿ ಹೊತ್ತು ತಂದು ಅಂಚಿನಲ್ಲಿ ಒಡ್ಡಿನಂತೆ ರಾಶಿ ಹಾಕುತ್ತದೆ. ಕೇದಾರದ ಮೇಲಿದ್ದ ಚೋರಾಬಾರಿ ಕೆರೆಯನ್ನು ಹಿಡಿದಿಟ್ಟಿದ್ದು ಇಂಥದೇ ಒಡ್ಡು. 1948ರಲ್ಲಿ ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟ ಕೆರೆ ಅದು. ಗಾಂಧಿ ಸರೋವರ ಎಂದೂ ಹೆಸರು. ಎಡೆಬಿಡದ ಮಳೆಗೂ ಕರಗಿದ ಹಿಮಕ್ಕೂ ತುಂಬಿ, 2013ರ ಜೂನ್ 17ರ ಬೆಳಿಗ್ಗೆ ಒಡೆಯಿತು.

ಮಂಜು ಯಾರನ್ನೂ ಆರಿಸುವುದಿಲ್ಲ. ಎಲ್ಲವೂ ಲೀಲೆ ಎನ್ನುವ ಭಕ್ತ, ಯಾತ್ರೆಗೆ ಹೋದವರು ಮರಳದ ಮನೆಯ ಕಟ್ಟೆಯ ಮೇಲೆ ಕೂತು ಆ ಮಾತು ಹೇಳಬಲ್ಲನೆ? ಹೇಳಲಾರದಿದ್ದರೆ ಭೀಮಶಿಲೆಯ ಮುಂದೆಯೂ ಅದನ್ನು ಹೇಳದಿರುವುದು ಲೇಸು. ಹಾಗೆಂದು ಕೈಮುಗಿದವನನ್ನು ನೋಡಿ ನಗಬೇಕಿಲ್ಲ. ಕೈಮುಗಿಯುವುದು ಬೇರೆ, ಕಾರಣ ಹೇಳುವುದು ಬೇರೆ.

ಈ ಭೇದ ನಮ್ಮ ಗುಡಿಗಳಿಗೆ ಹೊಸದಲ್ಲ. ಹಾನಗಲ್ಲಿನಲ್ಲಿ ಎಂಥ ಮಾಗಿಯ ಚಳಿಗೂ ನೀರು ಗಡ್ಡೆಕಟ್ಟುವುದಿಲ್ಲ. ಆದರೂ ಚಾಲುಕ್ಯರ ಕಾಲದ ತಾರಕೇಶ್ವರ ಗುಡಿಯಂಥ ಕಟ್ಟಡಗಳ ಕಲ್ಲು ಸವೆಯುತ್ತದೆ. ಮಳೆ, ಬಿಸಿಲು, ಸಂದಿಗೆ ಇಳಿದ ತೇವ, ಹಕ್ಕಿ ತಂದ ಬೀಜದಿಂದ ಎದ್ದ ಅರಳಿ ಸಸಿ, ಇವು ನಿಧಾನವಾಗಿ ಆ ಕೆಲಸ ಮಾಡುತ್ತವೆ. ಕಲ್ಲು ಹಳತಾಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಆಗಮಗಳು ಜೀರ್ಣೋದ್ಧಾರದ ವಿಧಿ ಬರೆದವು. ಮೂರ್ತಿ ಭಿನ್ನವಾದರೆ ಅದರ ಸಾನ್ನಿಧ್ಯವನ್ನು ಕಳಶದ ನೀರಿಗೆ ಇಳಿಸುತ್ತಾರೆ, ಹಳೆಯ ಶಿಲೆಯನ್ನು ನೀರಿಗೆ ಬಿಡುತ್ತಾರೆ. ಹೊಸ ಶಿಲೆಗೂ ಪ್ರತಿಷ್ಠೆಗೆ ಮುಂಚೆ ಜಲಾಧಿವಾಸ, ಅಂದರೆ ನೀರಿನಲ್ಲಿ ವಾಸ. ಕಲ್ಲನ್ನು ಕೆಡಿಸುವ ನೀರೇ ನಡುವೆ ಕೆಲವು ದಿನ ದೇವರ ಮನೆಯಾಗುತ್ತದೆ. ಕೇದಾರದಲ್ಲೂ ಕಾರ್ತಿಕದಲ್ಲಿ ಬಾಗಿಲು ಹಾಕಿ ಉತ್ಸವಮೂರ್ತಿಯನ್ನು ಉಖೀಮಠಕ್ಕೆ ಇಳಿಸುತ್ತಾರೆ. ಆರು ತಿಂಗಳು ಪೂಜೆ ಅಲ್ಲಿಯೇ. ಮೇಲಿನ ಶಿಲೆ ಹಿಮದ ಪಾಲು.

ಬಿರುಕಿಗೆ ಅರ್ಥ ಹಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಹಿರೇಕೆರೂರು ಭಾಗದ ಅಬಲೂರು ಸಾಕ್ಷಿ. ಅಲ್ಲಿನ ಸೋಮೇಶ್ವರ ಗುಡಿಯ ಶಾಸನ ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಕಟ್ಟಿದ ಪಣವನ್ನು ಹೇಳುತ್ತದೆ. ಕತ್ತರಿಸಿಕೊಂಡ ತಲೆಯನ್ನು ಅವನು ಮರಳಿ ಪಡೆದ, ಜೈನರು ಮಾತಿಗೆ ತಪ್ಪಿದರು, ಅವನು ಜಿನಬಿಂಬವನ್ನು ಒಡೆದ, ಅರಸ ಬಿಜ್ಜಳ ಜಯಪತ್ರ ಕೊಟ್ಟ. ಕಥೆಯನ್ನು ಗುಡಿಯಲ್ಲಿ ಕೆತ್ತಿಯೂ ಇದ್ದಾರೆ, ಕೆತ್ತಿಸಿದವರು ಗೆದ್ದವರೇ. ಅದೇ ಬಿಂಬ ಬಿಸಿಲುಮಳೆಗೆ ತಾನಾಗಿ ಸೀಳಿದ್ದರೆ ಯಾವ ಅರಸನೂ ಜಯಪತ್ರ ಬರೆಯುತ್ತಿರಲಿಲ್ಲ. ಕಲ್ಲಿನ ಮಟ್ಟಿಗೆ ಎರಡೂ ಒಡಕೇ. ಸೋಲು ಗೆಲುವು ಮನುಷ್ಯರು ಸೇರಿಸಿದ್ದು.

ಇದೇ ಸೀಮೆಯಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಚೌಡದಾನಪುರದ ಜೊತೆ ಹೆಸರು ಬೆಸೆದಿರುವ ವಚನಕಾರ ಅಂಬಿಗರ ಚೌಡಯ್ಯನಿಗೆ ಬೆಟ್ಟದ ಲಿಂಗದ ಗೊಡವೆಯೇ ಬೇಡವಾಗಿತ್ತು. ಮೈಮೇಲಿನ ಲಿಂಗವನ್ನು ಕಡೆಗಣಿಸಿ ಬೆಟ್ಟದ ಲಿಂಗವನ್ನು ಹೊಗಳುವವರಿಗೆ ಪಾದರಕ್ಷೆಯ ಏಟೇ ಸರಿ ಎಂದವನು ಅವನು. ಆದರೆ ಇಷ್ಟಲಿಂಗದ ಒಳಗೂ ಇರುವುದು ಒಂದು ಪುಟ್ಟ ಕಲ್ಲು. ಅದರ ಮೇಲೆ ಕಪ್ಪು ಕವಚ ಕಟ್ಟುವ ಕಸುಬು ಇಂದಿಗೂ ಉಳಿದಿದೆ. ದಿನವೂ ನೀರೆರೆದು, ವಿಭೂತಿ ಹಚ್ಚಿ, ಕವಚ ಸವೆದರೆ ಹೊಸದು ಕಟ್ಟಿಸುತ್ತಾರೆ, ಅದರ ಹಿಂದೆ ಯಾರ ಕೋಪವನ್ನೂ ಹುಡುಕುವುದಿಲ್ಲ.