ಹೆಸರಿಲ್ಲದ ನೌಕೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳೆಯ ಮನೆಗಳಲ್ಲಿ ಮಂಗಳೂರು ಹೆಂಚನ್ನು ಕಾಣದವರು ವಿರಳ. ಮಳೆಗಾಲಕ್ಕೆ ಮುಂಚೆ ಮಾಡನ್ನು ಕೈಯಾಡಿಸುವಾಗ ಇಳಿಸಿದ ಹೆಂಚನ್ನು ತಿರುವಿ ನೋಡಿದರೆ, ಅದನ್ನು ಮಾಡಿದ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದು ಕಾಣುತ್ತದೆ. ಇಂತಹ ಅಕ್ಷರಗಳೇ ಕಡಲಿನ ತಳದಲ್ಲಿ ಮುಳುಗಿದ ನೌಕೆಯೊಂದರ ವಿಷಯದಲ್ಲಿ ಸಾಕ್ಷಿ ನುಡಿದಿವೆ. ಆ ಸಾಕ್ಷ್ಯವು ಎಲ್ಲಿಯವರೆಗೆ ಸಲ್ಲುವುದು, ಎಲ್ಲಿಗೆ ನಿಲ್ಲುವುದು ಎಂಬುದು ಶೋಧಕರ ಪ್ರಶ್ನೆ ಮಾತ್ರವಲ್ಲ. ಸತ್ಯವನ್ನು ನುಡಿಯಬೇಕೆನ್ನುವ ಎಲ್ಲರ ಪ್ರಶ್ನೆಯೂ ಹೌದು.

ಗೋವೆಯ ಸಮುದ್ರದಲ್ಲಿ ಸೇಂಟ್ ಜಾರ್ಜ್ ಎಂಬ ಬಂಡೆಸಾಲುಂಟು. ಅದರ ಬಳಿ ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಪ್ರಾಕ್ತನ ಶೋಧಕರು ನೀರಿನೊಳಗಿಳಿದು ಪರೀಕ್ಷಿಸಲಾಗಿ, ಒಡೆದ ನೌಕೆಯೊಂದರ ಸರಕು ದೊರೆಯಿತು. ಅದು ಪೊನ್ನೂ ಅಲ್ಲ, ಮುತ್ತೂ ಅಲ್ಲ. ಸುಟ್ಟ ಮಣ್ಣಿನ ಹೆಂಚು, ಕೊಳವೆ, ನೆಲಕ್ಕೆ ಹಾಸುವ ಬಿಲ್ಲೆ, ಕಂಬದ ಬೋದಿಗೆ. ಅವುಗಳಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಯ ಹೆಸರೂ 1865 ಎಂಬ ಅಂಕಿಯೂ ಇದ್ದುವು.

ಈ ಮುದ್ರೆಯಿಂದ ತಿಳಿಯುವುದೇನು? ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದುದು 1865ರಲ್ಲಿ. ಆದುದರಿಂದ ನೌಕೆಯು ಆ ವರ್ಷಕ್ಕಿಂತ ಮೊದಲು ಮುಳುಗಿರಲಾರದು, ಇಷ್ಟು ನಿಶ್ಚಯ. ಆದರೆ ಅಂಕಿಯು ಕಾರ್ಖಾನೆಯ ಹುಟ್ಟಿನ ವರ್ಷವೇ ಹೊರತು ಹೆಂಚು ಬೆಂದ ವರ್ಷವೆಂದು ಹಿಡಿಯಲು ಆಧಾರವಿಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಈ ಉದ್ಯಮವು ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಹೋಯಿತು. ಅಲ್ಲಿಯವರೆಗಿನ ಅರ್ಧ ಶತಮಾನಕ್ಕೂ ಮೀರಿದ ಅವಧಿಯಲ್ಲಿ ಯಾವ ವರ್ಷ ಬೇಕಾದರೂ ಆ ಸರಕು ಗೂಡಿನಿಂದ ಹೊರಬಿದ್ದಿರಬಹುದು. ಅವಸರದ ಓದುಗನು 1865ನ್ನು ಕಂಡೊಡನೆ ನೌಕೆ ಮುಳುಗಿದ ತೇದಿ ಸಿಕ್ಕಿತೆಂದು ಹಿಗ್ಗುವನು. ವಿವೇಕಿಯು ಒಂದು ಮೇರೆ ಮಾತ್ರ ಸಿಕ್ಕಿತೆಂದು ತಿಳಿಯುವನು.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೆಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯದ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳಿವೆ. ಆ ಹೆಸರು ವಿಗ್ರಹವನ್ನು ಕಡೆದ ಕೈ ಯಾವುದೆಂದು ಹೇಳುತ್ತದೆ. ಕಲ್ಲನ್ನು ಗಣಿಯಿಂದ ಎಳೆದುತಂದ ಬಂಡಿಯವನು ಯಾರೆಂದು ಹೇಳದು. ಹೆಂಚಿನ ಮುದ್ರೆಯೂ ಹಾಗೆಯೇ. ಮಾಡಿದವರನ್ನು ಅದು ಬಲ್ಲುದು, ಹೊತ್ತವರನ್ನು ಅರಿಯದು. ನೌಕೆಯ ಹೆಸರು, ಅದರ ಒಡೆಯ, ಚುಕ್ಕಾಣಿ ಹಿಡಿದವನು, ಅದರಲ್ಲಿದ್ದವರು ದಡ ಸೇರಿದರೋ ಇಲ್ಲವೋ ಎಂಬುದು, ಇವೆಲ್ಲ ಮುದ್ರೆಯ ಆಚೆಯ ಮಾತು. ಅಂತೆಯೇ ವಿದ್ವಾಂಸರು ಆ ನೌಕೆಯನ್ನು ಬಂಡೆಯ ಹೆಸರಿನಿಂದಲೇ ಕರೆಯುತ್ತಾರೆ. ಇದು ಪರದೇಶಗಳಲ್ಲಿಯೂ ಕಂಡ ಸಂಗತಿ. ಇಂಡೊನೇಶಿಯದ ಬೆಲಿಟುಂಗ್ ದ್ವೀಪದ ಬಳಿ 1998ರಲ್ಲಿ ಪತ್ತೆಯಾದ ನೌಕೆಯೊಂದರಲ್ಲಿ ಕ್ರಿ. ಶ. 826ಕ್ಕೆ ಸರಿಹೊಂದುವ ತೇದಿಯ ಚೀನೀ ಬಟ್ಟಲು ದೊರೆಯಿತು. ಅದಕ್ಕೂ ದ್ವೀಪದ ಹೆಸರೇ ಗತಿಯಾಯಿತು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಹೆಸರಿಲ್ಲದುದನ್ನು ಲೋಕವು ನೆನೆಯದು. ಹಳೆಯ ಬಂದರಿನ ದಫ್ತರಗಳಲ್ಲಿ ಕಾಣೆಯಾದ ನೌಕೆಗಳಲ್ಲಿ ಹೊಂದಿಕೆಯಾಗುವ ಒಂದನ್ನು ಆರಿಸಿ ಇದಕ್ಕೆ ಹೆಸರಿಟ್ಟರೆ ಯಾರಿಗೇನು ನಷ್ಟ? ಮುಳುಗಿದವರು ಬಂದು ತಕರಾರು ಹೂಡುವುದಿಲ್ಲವಷ್ಟೆ. ಊಹೆಯಿಲ್ಲದೆ ಯಾವ ಶಾಸ್ತ್ರ ತಾನೆ ಮುಂದುವರಿದೀತು?

ಊಹೆಯು ಬೇಕೆಂಬುದು ದಿಟ. ಊಹೆಯನ್ನು ಊಹೆಯೆಂದೇ ಹೇಳಿದಲ್ಲಿ ಅದು ದಾರಿಯ ದೀಪ. ನಿಶ್ಚಯವೆಂದು ಹೇಳಿದಲ್ಲಿ ಮುಚ್ಚಿದ ಬಾಗಿಲು. ತಪ್ಪು ಹೆಸರು ಒಮ್ಮೆ ನೆಲೆಯೂರಿದರೆ ನಿಜವಾದ ಹೆಸರನ್ನು ಹುಡುಕುವವರಿಲ್ಲ. ಅದರಿಂದ ಎರಡು ನೌಕೆಗಳಿಗೆ ಅನ್ಯಾಯವಾಗುವುದು: ಒಂದು ತನ್ನದಲ್ಲದ ಹೆಸರನ್ನು ಹೊರುವುದು; ಇನ್ನೊಂದು, ಬೇರೆಲ್ಲಿಯೋ ಮಲಗಿರುವುದು, ತನ್ನ ಹೆಸರನ್ನೇ ಕಳೆದುಕೊಳ್ಳುವುದು. ಗತಿಸಿದವರು ತಕರಾರು ಹೂಡಲಾರರೆಂಬುದು ಬದುಕಿರುವವರಿಗೆ ಸಲಿಗೆಯಲ್ಲ, ಹೊಣೆ. ಪ್ರತಿವಾದಿಯು ಹಾಜರಿಲ್ಲದ ವ್ಯಾಜ್ಯದಲ್ಲಿ ನ್ಯಾಯಾಧೀಶನು ಇಮ್ಮಡಿ ಎಚ್ಚರದಿಂದಿರಬೇಕಲ್ಲವೆ? ನೌಕೆಯ ಘಂಟೆಯೇ ಸಿಕ್ಕಿ ಅದರ ಮೇಲೆ ಹೆಸರಿದ್ದರೂ, ಆ ಘಂಟೆಯು ಬೇರೊಂದು ಹಡಗಿನಿಂದ ಬಂದುದಲ್ಲವೆಂದು ವಿಚಾರಿಸಿಕೊಳ್ಳಬೇಕಾಗುತ್ತದೆ. ಮರದ ಜಾತಿ, ಕಟ್ಟಿದ ಕ್ರಮ, ಮೊಳೆ, ಲಂಗರು, ಸರಕು, ದಫ್ತರ, ಇವೆಲ್ಲ ಒಂದೇ ಮಾತನ್ನು ಆಡಿದಾಗ ಮಾತ್ರ ಹೆಸರಿಡುವ ಅಧಿಕಾರ ಬರುವುದು.

ಈ ಸಂಯಮಕ್ಕೆ ಇನ್ನೊಂದು ಮುಖವೂ ಉಂಟು. ಹೆಂಚು ನೌಕೆಯ ಯಾವ ಭಾಗದಲ್ಲಿ, ಯಾವುದರ ಮೇಲೆ, ಹೇಗೆ ಬಿದ್ದಿತ್ತೆಂಬುದೂ ಸಾಕ್ಷಿಯೇ. ಅದನ್ನು ಗುರುತು ಹಾಕಿಕೊಳ್ಳದೆ ಎತ್ತಿ ತಂದವನ ಕೈಯಲ್ಲಿ ವಸ್ತು ಉಳಿಯುವುದು, ಮಾತು ಅಳಿಯುವುದು. ಕೆರೆಯ ಏರಿಯ ಮೇಲಿನ ಶಾಸನವನ್ನು ಕಿತ್ತು ಬಟ್ಟೆಯೊಗೆಯುವ ಕಲ್ಲು ಮಾಡಿಕೊಂಡಂತೆ. 2001ರಲ್ಲಿ ಯುನೆಸ್ಕೊ ಸಂಸ್ಥೆಯು ಅಂಗೀಕರಿಸಿದ ಒಡಂಬಡಿಕೆಯು, ನೀರಿನೊಳಗಣ ಅವಶೇಷಗಳನ್ನು ಇದ್ದಲ್ಲಿಯೇ ರಕ್ಷಿಸುವುದನ್ನು ಮೊದಲು ಯೋಚಿಸಬೇಕೆಂದು ವಿಧಿಸಿದುದು ಈ ಕಾರಣದಿಂದಲೂ ಯುಕ್ತವಾಗಿದೆ.

ಹಾಗಾದರೆ ಹೆಸರು ತಿಳಿಯದ ನೌಕೆಯನ್ನು ಮರೆತುಬಿಡುವುದೆ? ಈ ಸೀಮೆಯ ಹಳ್ಳಿಗಳೇ ಅದಕ್ಕೆ ಉತ್ತರ ಕೊಟ್ಟಿವೆ. ಊರ ಮುಂದಣ ವೀರಗಲ್ಲುಗಳಲ್ಲಿ ಅಕ್ಷರವಿಲ್ಲದವು ಎಷ್ಟೋ ಇವೆ. ತುರುಗಳ ಸಾಲು, ಎತ್ತಿದ ಕತ್ತಿ, ಮೇಲೆ ಅಪ್ಸರೆಯರು; ತುರುಗಾಳಗದಲ್ಲಿ ಒಬ್ಬನು ಮಡಿದನೆಂಬಷ್ಟು ತಿಳಿಯುತ್ತದೆ, ಯಾರೆಂದು ತಿಳಿಯದು. ಹೆಸರು ಗೊತ್ತಿಲ್ಲವೆಂದು ಜನರು ಆ ಕಲ್ಲಿಗೆ ಹೂವಿಡುವುದನ್ನು ಬಿಟ್ಟಿಲ್ಲ. ಹೂವಿಡುವೆವೆಂದು ಅದರ ಮೇಲೆ ಇಲ್ಲದ ಹೆಸರನ್ನು ಕೆತ್ತಿಯೂ ಇಲ್ಲ. ತಿಳಿದಷ್ಟನ್ನು ಹೇಳಿ, ತಿಳಿಯದುದರ ಜಾಗವನ್ನು ಬರಿದಾಗಿ ಬಿಡುವುದೂ ಒಂದು ಬಗೆಯ ಶ್ರದ್ಧೆಯೇ. ನಿಜವಾದ ಹೆಸರು ಎಂದಾದರೂ ಬಂದೀತು. ಬಂದಾಗ ಅದಕ್ಕೆ ಎಡೆಯಿರಬೇಕು.