ಮನೆ, ಮಕ್ಕಳು, ಕ್ಲಿನಿಕ್ ನಡುವಿನ ಸಂತಳು

ಸಂತರೆಂದರೆ ಮಠ, ಮೌನ, ಉಪವಾಸ ಎಂದುಕೊಂಡವರಿಗೆ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಅವರ ಬದುಕು ಅಚ್ಚರಿ ತರುತ್ತದೆ. 1922ರಲ್ಲಿ ಇಟಲಿಯ ಮಜೆಂತಾದಲ್ಲಿ ಹುಟ್ಟಿದ ಅವರು ಮೆಸೆರೊ ಎಂಬ ಸಣ್ಣ ಊರಿನಲ್ಲಿ ಕ್ಲಿನಿಕ್ ತೆರೆದ ವೈದ್ಯೆ. ಮಕ್ಕಳು, ಮುದುಕರು, ಬಡವರೆಂದರೆ ವಿಶೇಷ ಅಕ್ಕರೆ. ಬೆಟ್ಟ ಹತ್ತುವುದು, ಹಿಮದಲ್ಲಿ ಸ್ಕೀ ಮಾಡುವುದು ಬಲು ಇಷ್ಟ. 1955ರಲ್ಲಿ ಎಂಜಿನಿಯರ್ ಪಿಯೆತ್ರೊ ಮೊಲ್ಲಾ ಅವರ ಕೈಹಿಡಿದರು, ಮೂವರು ಮಕ್ಕಳಾದರು.

1961ರಲ್ಲಿ ಮತ್ತೆ ಗರ್ಭಿಣಿಯಾದಾಗ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿತು. ಗರ್ಭಕೋಶವನ್ನೇ ತೆಗೆಸಬಹುದಿತ್ತು. ತಾಯಿಯ ಜೀವ ಉಳಿಸಲು ಮಾಡುವ ಅಂಥ ಚಿಕಿತ್ಸೆಯಲ್ಲಿ ಮಗು ಉಳಿಯದಿದ್ದರೂ ಕ್ಯಾಥೊಲಿಕ್ ನೀತಿಶಾಸ್ತ್ರ ಅದನ್ನು ಪಾಪವೆನ್ನುವುದಿಲ್ಲ. ಜಿಯಾನ್ನಾ ಗಡ್ಡೆಯನ್ನಷ್ಟೇ ತೆಗೆಸಿಕೊಂಡರು. ಅಪಾಯವೇನೆಂದು ವೈದ್ಯೆಯಾದ ಅವರಿಗೆ ತಿಳಿದಿತ್ತು. 1962ರ ಏಪ್ರಿಲ್ 21ರಂದು ಮಗಳು ಹುಟ್ಟಿದಳು. ಸೋಂಕು ಹೊಟ್ಟೆಯೊಳಗೆ ಹರಡಿ, ವಾರದ ಬಳಿಕ ತಾಯಿ ತೀರಿಕೊಂಡರು. ವಯಸ್ಸು 39.

ಮನೆಯಲ್ಲಿ ಮೂವರು ಎಳೆಯರಿರುವಾಗ ತಾಯಿ ತನ್ನ ಜೀವವನ್ನು ಪಣಕ್ಕಿಡುವುದು ಸರಿಯೇ? ಈ ಪ್ರಶ್ನೆಯನ್ನು ಭಕ್ತಿಯ ಹೆಸರಲ್ಲಿ ಮುಚ್ಚಿಡಬಾರದು. ಅವರು ಸಾವನ್ನು ಬಯಸಿದವರಲ್ಲ, ಇಬ್ಬರೂ ಉಳಿಯಲೆಂದು ಪ್ರಾರ್ಥಿಸಿದವರು. ಯಾರೂ ಬಲವಂತ ಮಾಡದೆ, ಧರ್ಮವೂ ಕಡ್ಡಾಯ ಮಾಡದೆ ಕೊಟ್ಟದ್ದರಿಂದಲೇ ಆ ತ್ಯಾಗ ದೊಡ್ಡದು. ಅದನ್ನೇ ಎಲ್ಲ ತಾಯಂದಿರ ಮೇಲೆ ಕಟ್ಟಳೆಯಾಗಿ ಹೇರಿದರೆ ಜಿಯಾನ್ನಾಗೇ ಅನ್ಯಾಯ. ಕೊನೆಯ ವಾರವನ್ನಷ್ಟೇ ನೆನೆದು, ಅದರ ಹಿಂದೆ ವರ್ಷಗಟ್ಟಲೆ ರೋಗಿಗಳ ನಡುವೆ ನಡೆದ ದುಡಿಮೆಯನ್ನು ಮರೆಯುವುದೂ ಸಲ್ಲದು.

2004ರ ಮೇ 16ರಂದು ಎರಡನೇ ಜಾನ್ ಪಾಲ್ ಪೋಪರು ಅವರನ್ನು ಸಂತರೆಂದು ಸಾರಿದಾಗ ಪತಿ ಪಿಯೆತ್ರೊ ಅಲ್ಲೇ ಇದ್ದರು. 1962ರಲ್ಲಿ ಹುಟ್ಟಿದ ಆ ಮಗಳು ಜಿಯಾನ್ನಾ ಎಮಾನುಯೆಲಾ ಕೂಡ ವೈದ್ಯೆಯಾದರು.