ಹೇಳಿಕೊಳ್ಳಲಾಗದ ಕಾಯಿಲೆ



ಕಾಯಿಲೆಗಳಲ್ಲಿಯೂ ನಾವು ಮೇಲು ಕೀಳು ಮಾಡಿದ್ದೇವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳನ್ನು ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ಧಾರಾಳವಾಗಿ ಹೇಳಿಕೊಳ್ಳುತ್ತೇವೆ. ಹೃದಯದ ಆಪರೇಷನ್ ಆದವರು ಎಷ್ಟು ದಿನ ಐ.ಸಿ.ಯು.ನಲ್ಲಿದ್ದೆವೆಂದು ಲೆಕ್ಕ ಕೊಡುತ್ತಾರೆ. ಆದರೆ ದೇಹದ ಕೆಲವು ಭಾಗಗಳಿಗೆ ಬರುವ ಕಾಯಿಲೆಯನ್ನು ನಾವು ಹೆಸರಿಟ್ಟು ಕರೆಯುವುದಿಲ್ಲ. 'ಆ ತೊಂದರೆ' ಎಂದು ತಗ್ಗಿದ ದನಿಯಲ್ಲಿ ಹೇಳುತ್ತೇವೆ, ಅಥವಾ ಅಷ್ಟನ್ನೂ ಹೇಳುವುದಿಲ್ಲ.

ಅಂಥದ್ದೊಂದು ಕಾಯಿಲೆ ಭಗಂದರ. ಆಸ್ಪತ್ರೆಯಲ್ಲಿ ಇದನ್ನು ಫಿಸ್ಟುಲಾ ಎನ್ನುತ್ತಾರೆ. ಕುಟುಂಬದ ಪುಟದಲ್ಲಿ ಇದೇಕೆ ಎಂದು ಹುಬ್ಬೇರಿಸಬೇಡಿ. ಈ ಕಾಯಿಲೆಯ ಹಿಂದೆ ಪ್ರತಿ ಕುಟುಂಬವೂ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ. ನೋವನ್ನು ಬಚ್ಚಿಟ್ಟುಕೊಳ್ಳುವುದು ಮರ್ಯಾದೆಯೇ? ಎಲ್ಲಿಯವರೆಗೆ ಅದು ಮರ್ಯಾದೆ, ಎಲ್ಲಿಂದಾಚೆಗೆ ಅದು ಕೇಡು?

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಂಥ ಊರಿನ ಒಬ್ಬ ಗೃಹಸ್ಥನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಬೆಳಗ್ಗೆ ಡೈರಿಗೆ ಹಾಲು ಹಾಕಿ, ಬೈಕ್ ಹತ್ತಿ ವೈಟ್‌ಫೀಲ್ಡ್ ಕಡೆಗೆ ಕೆಲಸಕ್ಕೆ ಹೋಗುವವನು. ಒಂದು ದಿನ ಗುದದ್ವಾರದ ಪಕ್ಕದಲ್ಲಿ ಕುರು ಏಳುತ್ತದೆ. ನಾಲ್ಕು ದಿನ ಕೂರಲಾಗದಷ್ಟು ನೋವು. ಐದನೆಯ ದಿನ ಅದು ಒಡೆದು ಕೀವು ಹೋಗಿ ಹಾಯೆನಿಸುತ್ತದೆ. ವಾಸಿಯಾಯಿತೆಂದು ಸುಮ್ಮನಾಗುತ್ತಾನೆ. ತಿಂಗಳೆರಡರಲ್ಲಿ ಮತ್ತೆ ಅದೇ ಜಾಗದಲ್ಲಿ ಊತ, ಮತ್ತೆ ಕೀವು. ಪೈಲ್ಸ್ ಇರಬೇಕೆಂದು ಮೆಡಿಕಲ್ ಅಂಗಡಿಯಲ್ಲಿ ಮುಲಾಮು ಕೇಳುತ್ತಾನೆ, ಅದೂ ಗಿರಾಕಿಗಳು ಯಾರೂ ಇಲ್ಲದ ಹೊತ್ತು ನೋಡಿ. 'ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ' ಎಂಬ ಬೋರ್ಡು ಕಂಡಲ್ಲಿ ಹಣ ಸುರಿಯುತ್ತಾನೆ. ಹೀಗೆ ಎರಡು ವರ್ಷ ಕಳೆಯುತ್ತದೆ. ಬಟ್ಟೆ ಒಗೆಯುವಾಗ ಹೆಂಡತಿ ಕಲೆ ಗಮನಿಸಿ ಕೇಳಿದರೆ ರೇಗುತ್ತಾನೆ.

ಈ ಎರಡು ವರ್ಷದಲ್ಲಿ ಒಳಗೆ ನಡೆದಿರುವುದೇನು? ಗುದನಾಳದ ಒಳಗಿನ ಒಂದು ಸಣ್ಣ ಗ್ರಂಥಿಗೆ ಸೋಂಕು ತಗಲಿ ಕುರುವಾಗಿರುತ್ತದೆ. ಅದು ಒಡೆದು ಹೊರಚರ್ಮದವರೆಗೆ ಸುರಂಗದಂಥ ದಾರಿ ಮಾಡಿಕೊಂಡಿರುತ್ತದೆ. ಒಳಬಾಯಿ ತೆರೆದಿರುವವರೆಗೆ ಹೊರಬಾಯಿಗೆ ಎಷ್ಟು ಮುಲಾಮು ಹಚ್ಚಿದರೂ ಫಲವಿಲ್ಲ. ತಡ ಮಾಡಿದರೆ ಸುರಂಗಕ್ಕೆ ಕವಲುಗಳು ಹುಟ್ಟಬಹುದು. ಕೆಲವರಲ್ಲಿ ಇದರ ಹಿಂದೆ ಕ್ಷಯರೋಗ ಅಥವಾ ಕರುಳಿನ ಬೇರೆ ಕಾಯಿಲೆ ಅಡಗಿರುವುದೂ ಉಂಟು. ಅದು ತಿಳಿಯುವುದು ಪರೀಕ್ಷೆಯಿಂದ ಮಾತ್ರ. ನಾಚಿಕೆಗೆ ನಾವು ತೆರುವ ಬೆಲೆ ಇಷ್ಟು ದೊಡ್ಡದು.

ಅರಸನಿಗೂ ಬಡವನಿಗೂ ಒಂದೇ

ಇದು ಹೊಸ ಕಾಯಿಲೆಯಲ್ಲ. ಸುಶ್ರುತಸಂಹಿತೆಯಲ್ಲಿ ಭಗಂದರದ ವಿವರವಿದೆ. ಕ್ಷಾರ ಲೇಪಿಸಿದ ದಾರವನ್ನು ಸುರಂಗದೊಳಗೆ ಪೋಣಿಸಿ ನಿಧಾನವಾಗಿ ಗುಣಪಡಿಸುವ ಕ್ಷಾರಸೂತ್ರ ಪದ್ಧತಿ ನಮ್ಮ ನಾಡಿನ ಆಯುರ್ವೇದ ಆಸ್ಪತ್ರೆಗಳಲ್ಲಿ ಈಗಲೂ ನಡೆಯುತ್ತದೆ. ಫ್ರಾನ್ಸಿನ ಅರಸ ಹದಿನಾಲ್ಕನೇ ಲೂಯಿಗೆ ಇದೇ ಕಾಯಿಲೆ ಬಂದು, 1686ರ ನವೆಂಬರ್ 18ರಂದು ಫೆಲಿಕ್ಸ್ ಎಂಬ ಶಸ್ತ್ರವೈದ್ಯ ಅವನಿಗೆ ಆಪರೇಷನ್ ಮಾಡಿದ. ಆಗ ಅರಿವಳಿಕೆ ಇರಲಿಲ್ಲ. ಅರಸನ ಮೇಲೆ ಕೈಯಿಡುವ ಮೊದಲು ಫೆಲಿಕ್ಸ್ ತಿಂಗಳುಗಟ್ಟಲೆ ಬಡ ರೋಗಿಗಳ ಮೇಲೆ ಅಭ್ಯಾಸ ಮಾಡಿಕೊಂಡ. ಅರಸನ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಆ ಬಡವರ ಹೆಸರುಗಳು ಉಳಿದಿಲ್ಲ.

ಆದರೆ ಬಡವರನ್ನೇ ನೆನೆದವರೂ ಇದ್ದರು. 1835ರಲ್ಲಿ ಲಂಡನ್ನಿನಲ್ಲಿ ಫ್ರೆಡರಿಕ್ ಸಾಲ್ಮನ್ ಎಂಬ ವೈದ್ಯರು ಫಿಸ್ಟುಲಾದಿಂದ ನರಳುವ ಬಡವರಿಗಾಗಿಯೇ ಏಳು ಹಾಸಿಗೆಗಳ ಆಸ್ಪತ್ರೆ ತೆರೆದರು. ಅದರ ಹೆಸರಿನಲ್ಲೇ ಆ ಕಾಯಿಲೆಯ ಹೆಸರಿತ್ತು. ಯಾರೂ ಬಾಯಿಬಿಡದ ಕಾಯಿಲೆಯ ಹೆಸರನ್ನು ಬಾಗಿಲ ಮೇಲೆ ಬರೆಸಿ, ಬನ್ನಿ ಎಂದು ಕರೆದದ್ದೇ ಒಂದು ದಯೆಯ ಕೆಲಸ. ಮುಂದೆ ಅದೇ ಸಂತ ಮಾರ್ಕರ ಹೆಸರಿನ ಪ್ರಸಿದ್ಧ ಆಸ್ಪತ್ರೆಯಾಯಿತು.

ಧರ್ಮಸಭೆಯ ಸಂಪ್ರದಾಯದಲ್ಲಿ ಈ ಕಾಯಿಲೆಗೊಬ್ಬ ಪಾಲಕ ಸಂತರೂ ಇದ್ದಾರೆ. ಏಳನೆಯ ಶತಮಾನದಲ್ಲಿ ಐರ್ಲೆಂಡಿನಿಂದ ಫ್ರಾನ್ಸಿಗೆ ಬಂದು ವನವಾಸಿಯಾಗಿ ಬದುಕಿದ ಸಂತ ಫಿಯಾಕರ್ ಅವರು. ತರಕಾರಿ, ಗಿಡಮೂಲಿಕೆ ಬೆಳೆದು ಬಡವರಿಗೂ ದಾರಿಹೋಕರಿಗೂ ಆಸರೆಯಾಗಿದ್ದ ಇವರು ತೋಟಗಾರರಿಗೂ ಪಾಲಕರು. ಹೊಸಕೋಟೆಯ ಕಡೆ ಸೊಪ್ಪು, ತರಕಾರಿ, ಹೂವು ಬೆಳೆಯುವ ನಮ್ಮ ರೈತರು ಇವರ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಜನ ಬಾಯಿಬಿಟ್ಟು ಹೇಳಲಾರದ ನೋವಿಗೂ ಒಬ್ಬ ಸಂತರಿದ್ದಾರೆಂಬುದು ಸಣ್ಣ ಸಮಾಧಾನವಲ್ಲ.

ಲಜ್ಜೆ ಬೇರೆ, ನಾಚಿಕೆ ಬೇರೆ

ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಮಹಿಳೆಯೊಬ್ಬಳು ಬರುತ್ತಾಳೆ. ವೈದ್ಯರಿಗೆ ಇದ್ದಬದ್ದ ಹಣವನ್ನೆಲ್ಲ ಕೊಟ್ಟು ಸೋತವಳು. ಅಂದಿನ ನಿಯಮದಂತೆ ಅವಳು ಅಶುದ್ಧಳು. ಆದ್ದರಿಂದ ಜನರ ಗುಂಪಿನಲ್ಲಿ ಹಿಂದಿನಿಂದ ಬಂದು, ಯಾರಿಗೂ ತಿಳಿಯದಂತೆ ಯೇಸುಸ್ವಾಮಿಯ ಉಡುಪನ್ನು ಮುಟ್ಟುತ್ತಾಳೆ. ಅವಳಿಗೆ ಗುಣವಾಗುತ್ತದೆ. ಆದರೆ ಪ್ರಭು ಅಷ್ಟಕ್ಕೆ ಬಿಡುವುದಿಲ್ಲ. ಮುಟ್ಟಿದವರು ಯಾರೆಂದು ಕೇಳುತ್ತಾರೆ. ನಿನ್ನ ಕಾಯಿಲೆ ಏನೆಂದು ಅವರು ಕೇಳಲಿಲ್ಲ ಎಂಬುದನ್ನು ಗಮನಿಸಿ. ಅವಳೇ ನಡುಗುತ್ತಾ ಬಂದು ನಡೆದುದನ್ನೆಲ್ಲ ಹೇಳುತ್ತಾಳೆ. ಅವರು ಅವಳನ್ನು ಮಗಳೇ ಎಂದು ಕರೆಯುತ್ತಾರೆ. ದೇಹ ವಾಸಿಯಾದದ್ದು ಮುಟ್ಟಿದಾಗ. ಒಂಟಿತನ ವಾಸಿಯಾದದ್ದು ಹೇಳಿಕೊಂಡಾಗ.

ಇಲ್ಲಿ ನಮಗೊಂದು ಅಳತೆ ಸಿಗುತ್ತದೆ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬ ವಿವೇಕ ಲಜ್ಜೆ. ಅದು ದೇಹದ ಗೌರವವನ್ನು ಕಾಯುತ್ತದೆ. ಯಾರಿಗೂ ಹೇಳಬಾರದೆಂಬ ಹಟ ನಾಚಿಕೆ. ಅದು ದೇಹವನ್ನೇ ಬಲಿಗೊಡುತ್ತದೆ. ವೈದ್ಯರ ಮುಂದೆ, ಕಟ್ಟಿಕೊಂಡ ಹೆಂಡತಿಯ ಅಥವಾ ಗಂಡನ ಮುಂದೆ ಬಾಯಿ ಕಟ್ಟುವುದು ಲಜ್ಜೆಯಲ್ಲ. ಈ ಕಾಯಿಲೆ ಗಂಡಸರಲ್ಲಿ ಹೆಚ್ಚು, ಆದರೆ ಹೆಂಗಸರಿಗೂ ಬರುತ್ತದೆ. ಅವರಿಗೆ ಬಾಯಿಬಿಡುವುದು ಇನ್ನೂ ಕಷ್ಟ. ಮನೆಯ ಹೆಣ್ಣುಮಕ್ಕಳು ಹೇಳಿಕೊಳ್ಳುವಂಥ ವಾತಾವರಣವನ್ನು ನಾವು ಮನೆಯಲ್ಲಿ ಉಂಟುಮಾಡಿದ್ದೇವೆಯೇ?

ನೋಡಲು ಬಂದವರಿಗೆ ಏನು ಹೇಳುವುದು?

ಕೊನೆಗೆ ಆ ಗೃಹಸ್ಥ ಆಸ್ಪತ್ರೆಗೆ ಹೋಗುತ್ತಾನೆನ್ನಿ. ಸುರಂಗ ಮೇಲ್ಮೈಗೆ ಹತ್ತಿರವಿದ್ದರೆ ಅದನ್ನು ತೆರೆದು ವಾಸಿಮಾಡುವುದು ಸುಲಭ. ಆದರೆ ಮಲವನ್ನು ತಡೆಹಿಡಿಯುವ ಸ್ನಾಯುವಿನ ಆಳದಿಂದ ಹಾದುಹೋಗಿದ್ದರೆ, ಸ್ನಾಯು ಕತ್ತರಿಸಿದಾಗ ಆ ಹಿಡಿತವೇ ತಪ್ಪುವ ಅಪಾಯವಿದೆ. ಅಂಥವರಿಗೆ ವೈದ್ಯರು ಯೋಚಿಸುವ ದಾರಿಗಳಲ್ಲಿ ಒಂದು ಪ್ಲಗ್. ಹಂದಿಯ ಕರುಳಿನ ಒಂದು ಪದರವನ್ನು ಶುದ್ಧೀಕರಿಸಿ ಮಾಡಿದ, ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣಗಿರುವ ಬಿರಡೆ ಅದು. ಕೃತಕ ವಸ್ತುವಿನಿಂದ ಮಾಡಿದವೂ ಇವೆ. ಅದನ್ನು ಸುರಂಗದೊಳಗೆ ಎಳೆದು, ಒಳಬಾಯಿಯಲ್ಲಿ ಹೊಲಿಗೆ ಹಾಕಿ, ಕೀವು ಹೋಗಲೆಂದು ಹೊರಬಾಯಿಯನ್ನು ತೆರೆದೇ ಬಿಡುತ್ತಾರೆ. ಹಾಗಲಬಳ್ಳಿ ಚಪ್ಪರ ಹಿಡಿದು ಹಬ್ಬುವಂತೆ ದೇಹದ ಜೀವಕೋಶಗಳು ಅದನ್ನು ಹಿಡಿದು ಬೆಳೆಯುತ್ತವೆ. ಸುರಂಗ ತುಂಬುತ್ತಾ ಬಂದಂತೆ ಚಪ್ಪರವೇ ಕರಗುತ್ತದೆ. ವೈದ್ಯರು ದಾರಿ ಮಾಡಿಕೊಡುತ್ತಾರೆ, ಗಾಯ ಮಾಯುವ ಕೆಲಸ ದೇಹದ್ದು.

ಮನೆಗೆ ಬಂದ ಮೇಲೆ ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ನೆಂಟರು ಬರುತ್ತಾರೆ. ರೋಗಿಗಳನ್ನು ಸಂದರ್ಶಿಸುವುದು ದಯೆಯ ಕಾರ್ಯವೆಂದು ನಾವು ಜ್ಞಾನೋಪದೇಶದಲ್ಲಿ ಕಲಿತಿದ್ದೇವೆ. ಆದರೆ ಬಂದವರ ಮೊದಲ ಪ್ರಶ್ನೆ, "ಏನಾಗಿತ್ತು? ಎಲ್ಲಿಗೆ ಆಪರೇಷನ್?" ಮಗ ಗಾಬರಿಯಿಂದ, "ಹೊಟ್ಟೆಗೆ" ಎನ್ನುತ್ತಾನೆ. ಇದು ಸುಳ್ಳೇ? ಪಾಪವೇ?

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ಸುಳ್ಳನ್ನು ಒಪ್ಪುವುದಿಲ್ಲ. ಆದರೆ ತಿಳಿಯುವ ಹಕ್ಕಿಲ್ಲದವರಿಗೆ ಸತ್ಯವನ್ನು ಬಿಚ್ಚಿಡುವ ಹಂಗು ಯಾರಿಗೂ ಇಲ್ಲವೆಂದು ಅದೇ ಗ್ರಂಥ ಹೇಳುತ್ತದೆ. ಆದ್ದರಿಂದ ಮಗ ಸುಳ್ಳು ಹೇಳಬೇಕಾಗಿಲ್ಲ. "ಒಂದು ಸಣ್ಣ ಆಪರೇಷನ್ ಆಯ್ತು ಮಾವ, ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ, ಅಪ್ಪನಿಗಾಗಿ ಪ್ರಾರ್ಥನೆ ಮಾಡಿ" ಎಂದರೆ ಸಾಕು. ಅದರಲ್ಲಿ ಸುಳ್ಳಿಲ್ಲ, ಅಪ್ಪನ ಮರ್ಯಾದೆಗೂ ಕುಂದಿಲ್ಲ. ನೋಡಲು ಬಂದವರಿಗೂ ಒಂದು ಧರ್ಮವಿದೆ. ಕೇಳದೆ ಇರುವುದೂ ದಯೆಯೇ. "ಹಾಲಿನ ಕ್ಯಾನು ನಾನು ಡೈರಿಗೆ ಹಾಕಿ ಬರಲೇ?" ಎಂದು ಕೇಳಿದವನು ಹತ್ತು ಪ್ರಶ್ನೆ ಕೇಳಿದವನಿಗಿಂತ ಒಳ್ಳೆಯ ನೆಂಟ.

ಮಾಯುವ ದಿನಗಳು

ಆಪರೇಷನ್ ಮುಗಿಯುವುದು ಬೇಗ. ಮಾಯುವುದು ನಿಧಾನ. ಮೊದಲ ಎರಡು ವಾರ ಭಾರ ಎತ್ತಬಾರದು, ಬೈಕ್ ಸವಾರಿ ಬೇಡ, ಮುಕ್ಕಬಾರದು. ಪ್ಲಗ್ ಜಾರಿ ಹೊರಬಂದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಇತರ ಆಪರೇಷನ್‌ಗಳ ನಂತರ ಬೆಚ್ಚಗಿನ ನೀರಿನಲ್ಲಿ ಕೂರಲು ಹೇಳುವುದುಂಟು. ಪ್ಲಗ್ ಹಾಕಿದಾಗ ಮೊದಲ ದಿನಗಳಲ್ಲಿ ಅದು ಬೇಡವೆನ್ನುವ ವೈದ್ಯರಿದ್ದಾರೆ, ಆದ್ದರಿಂದ ಅವರನ್ನು ಕೇಳದೆ ಮಾಡಬೇಡಿ. ಮಲ ಗಟ್ಟಿಯಾಗಬಾರದು. ಧಾರಾಳ ನೀರು, ಹಣ್ಣು, ಸೊಪ್ಪು, ಕಾಳಿನ ಬಸ್ಸಾರು, ರಾಗಿಮುದ್ದೆ ಇದ್ದರೆ ಒಳ್ಳೆಯದು. ವಾರಗಟ್ಟಲೆ ಸ್ವಲ್ಪ ಸ್ರಾವ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಜ್ವರ, ಊತ, ಹೆಚ್ಚುತ್ತಿರುವ ನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಫಲ ತಿಳಿಯಲು ಮೂರು ತಿಂಗಳಾದರೂ ಬೇಕು.

ಈ ದಿನಗಳಲ್ಲಿ ದೊಡ್ಡ ಪರೀಕ್ಷೆ ಮನಸ್ಸಿಗೆ. ಮನೆಯ ಯಜಮಾನ ತನ್ನ ಗಾಯದ ಬಟ್ಟೆಯನ್ನು ಇನ್ನೊಬ್ಬರಿಂದ ಬದಲಿಸಿಕೊಳ್ಳಬೇಕಾಗುತ್ತದೆ. ಸೇವೆ ಮಾಡುವುದು ಸುಲಭ, ಮಾಡಿಸಿಕೊಳ್ಳುವುದು ಕಷ್ಟ. ಪೇತ್ರನೂ ತನ್ನ ಕಾಲನ್ನು ಪ್ರಭು ತೊಳೆಯಲು ಬಂದಾಗ ಒಪ್ಪಲಿಲ್ಲವಲ್ಲ! ಬೆಂಗಳೂರಿನ ಸಂತ ಮಾರ್ತಾ ಆಸ್ಪತ್ರೆಯನ್ನು 1886ರಲ್ಲಿ ಆರಂಭಿಸಿದ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರಂಥವರು ತಲೆಮಾರುಗಳಿಂದ ಇಂಥ ಗಾಯಗಳಿಗೆ ಮುಖ ಸಿಂಡರಿಸದೆ ಸೇವೆ ಮಾಡಿದ್ದಾರೆ. ಮನೆಯ ಹೆಂಡತಿಯೋ ಮಗನೋ ಅದನ್ನೇ ಮಾಡುವಾಗ ರೇಗದೆ ಕೈಜೋಡಿಸುವುದೇ ಆ ದಿನಗಳ ಪ್ರಾರ್ಥನೆ. ಭಾನುವಾರದ ಪೂಜೆಗೆ ಹೋಗಲಾಗದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಸ್ವಸ್ಥರ ಮೇಲೆ ಆ ಕಟ್ಟಳೆಯ ಭಾರವಿಲ್ಲ. ಹಾಗೆಯೇ ಪೂಜೆಯುದ್ದಕ್ಕೂ ಬಾಗಿಲ ಬಳಿ ನಿಂತವನನ್ನು ಕಂಡು ಭಕ್ತಿಯಿಲ್ಲದವನೆಂದು ತೀರ್ಮಾನಿಸಬೇಡಿ. ಕೂರಲಾಗದೆ ನಿಂತಿರಬಹುದು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಪ್ಲಗ್ ಎಲ್ಲರಿಗೂ ಫಲಿಸುವುದಿಲ್ಲ. ಬ್ರಿಟನ್ನಿನಲ್ಲಿ 304 ರೋಗಿಗಳ ಮೇಲೆ ನಡೆದು 2019ರಲ್ಲಿ ವರದಿಯಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ಪ್ಲಗ್ ಹಾಕಿಸಿಕೊಂಡವರಲ್ಲಿ ನೂರಕ್ಕೆ 54 ಮಂದಿಗೂ ಇತರ ವಿಧಾನಗಳಲ್ಲಿ 55 ಮಂದಿಗೂ ವಾಸಿಯಾಗಿತ್ತು. ಉಳಿದವರು ಮತ್ತೆ ಮೊದಲಿನಿಂದ ಆರಂಭಿಸಬೇಕು. ಆಗ, "ಯಾವ ಪಾಪಕ್ಕೆ ಈ ಶಿಕ್ಷೆ?" ಎಂಬ ಮಾತು ಬಾಯಿಗೆ ಬರುತ್ತದೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದನ್ನೇ ಕೇಳಿದಾಗ, ಅವನೂ ಪಾಪ ಮಾಡಿದವನಲ್ಲ, ಅವನ ತಂದೆತಾಯಿಯೂ ಅಲ್ಲವೆಂದು ಯೇಸುಸ್ವಾಮಿ ಉತ್ತರಿಸಿದರು. 1984ರಲ್ಲಿ ಪೋಪ್ ದ್ವಿತೀಯ ಜಾನ್ ಪಾಲರು ಯಾತನೆಯ ಕುರಿತು ಬರೆದ ಪತ್ರದಲ್ಲಿ ಯೋಬನನ್ನು ನೆನೆದು, ಎಲ್ಲ ಯಾತನೆಯೂ ಶಿಕ್ಷೆಯಲ್ಲವೆಂದು ಬೋಧಿಸಿದರು. ಮಾಯದ ಗಾಯ ದೇವರ ಕೋಪದ ಗುರುತಲ್ಲ. ಮತ್ತೆ ವೈದ್ಯರ ಬಳಿಗೆ ಹೋಗುವ ಧೈರ್ಯವೇ ಭರವಸೆ.

ಗುಣವಾದವರಿಗೆ ಒಂದು ವಿನಂತಿ. ನಿಮ್ಮ ಕಥೆಯನ್ನು ಊರಿಗೆಲ್ಲ ಸಾರಬೇಕಾಗಿಲ್ಲ. ಆದರೆ ಒಂದು ದಿನ ಪಕ್ಕದ ಮನೆಯವನೋ, ಜೊತೆಗೆ ಕೆಲಸ ಮಾಡುವವನೋ ಕೂರಲಾಗದೆ ಒದ್ದಾಡುತ್ತಾ, ಕೇಳಿದರೆ ಏನೂ ಇಲ್ಲವೆನ್ನುತ್ತಾನೆ. ಆಗ ಅವನನ್ನು ಪಕ್ಕಕ್ಕೆ ಕರೆದು, "ನನಗೂ ಆಗಿತ್ತಪ್ಪ, ಇಂಥ ಡಾಕ್ಟರ ಹತ್ತಿರ ಹೋಗು, ಬೇಕಾದರೆ ನಾನೇ ಜೊತೆಗೆ ಬರುತ್ತೇನೆ" ಎನ್ನಿ. ಆ ಒಬ್ಬನ ಮುಂದೆ ಮೌನವಾಗಿರುವುದು ಲಜ್ಜೆಯಾಗದು. ಅವನ ಎರಡು ವರ್ಷದ ನರಳಾಟ ನಿಮ್ಮ ಎರಡು ಮಾತಿನಿಂದ ಉಳಿಯುವುದಾದರೆ, ಅದಕ್ಕಿಂತ ದೊಡ್ಡ ದಾನಧರ್ಮ ಯಾವುದಿದೆ?